ಒಂದು ಫರಸಿ ಎಬ್ಬಿಸಿದ್ದು

ನಮ್ಮ ಹಿತ್ತಲದಾಗ ಮೂವತ್ತಾರು ಫರಸಿ ಅವ.
ಇವರೇ ತಂದದ್ದು, ಇವರೇ ಹಾಸಿದ್ದು,
ಶಹಾಬಾದದ ಖಣಿಯಾಗ ಹನ್ನೆರಡು ವರ್ಷ ದುಡಿದು
ಪಗಾರದಾಗ ಒಂದೊಂದು ಕಲ್ಲಿನ ರೊಕ್ಕ ಮುರಿಸಿಕೊಂಡು.
ಕೆಸರಿಲ್ಲದ ಮನಿ ಅಂತ
ಬೀಗರ ಮುಂದ ಎಷ್ಟು ಸಲ ಹೇಳ್ಯಾರೋ!
ಮಳಿಗಾಲಕ್ಕ ಓಣಿಯ ಎರಿಮಣ್ಣು
ಕಾಲಿಗಿ ಇನ್ನೊಂದು ಕಾಲಿನಷ್ಟು ಹತ್ತತದ.
ನಮ್ಮಲ್ಲಿ ಬರಿಗಾಲಲೆ ಕುಣೀಬಹುದು.

ಹೋಳಿ ಮುಗಿದ ಮರುದಿನ
ಬಾಜೂ ಮನಿ ಜುಲೇಖಾಬಿ
ಗ್ವಾಡಿ ಮ್ಯಾಲಿಂದ ಕೈ ಚಾಚಿದಳು.
ಹಳೇ ಓಡಣಿಯ ತುದಿಗಿ ಗಂಟು:
ಹೀರಿ, ಹಾಗಲ, ಚವಳಿ, ಪುಂಡಿ,
ಮತ್ತ ಅಕಿಗೂ ಹೆಸರು ಗೊತ್ತಿಲ್ಲದ ನಾಕು ಚಪ್ಪಟೆ ಬೀಜ.
"ಯುಗಾದಿಗಿ ಮೊದಲ ಹಾಕಿಬಿಡವ್ವಾ,
ಆಮ್ಯಾಲ ನೆಲಾ ಹೆಂಚಾಗತದ."

ಎಲ್ಲಿ ಹಾಕಲಿ?
ಕಲ್ಲಿನ ಮ್ಯಾಲ ಬೀಜ ಬಿತ್ತಿದವರನ್ನ
ಗಾದಿ ಮಾತಿನಾಗಷ್ಟೇ ಕೇಳೀನಿ.

ಎರಡು ದಿನ ಗಂಟು ಜ್ವಾಳದ ಡಬ್ಬಿ ಮ್ಯಾಲ ಕುಂತಿತ್ತು.
ಮೂರನೇ ದಿನ ರೊಟ್ಟಿ ಬಡಿಯುತ ಕೇಳಿದೆ:
"ಒಂದು ಫರಸಿ ಎಬ್ಬಿಸಲಾ?"
ಇವರು ತಾಟಿನಿಂದ ಮುಖ ಎತ್ತಲಿಲ್ಲ.
"ಹಲ್ಲು ಕೀಳಿಸಿಕೊಂಡು ನಗತೀಯೇನು?" ಅಂದರು.
ಆಮ್ಯಾಲ ಬ್ಯಾಳಿ ಕೇಳಿದರು, ಉಪ್ಪು ಕೇಳಿದರು,
ಮತ್ತೇನೂ ಅನ್ನಲಿಲ್ಲ.

ರಾತ್ರಿ ಕಬ್ಬಿಣದ ಸಪ್ಪಳಕ್ಕ ಎಚ್ಚರಾತು.
ಹಿತ್ತಲದಾಗ ಲೈಟು, ಬನಿಯನ್ ಮ್ಯಾಲ ಇವರು,
ಕೈಯಾಗ ಹಾರಿ,
ಗ್ವಾಡಿ ಕಡಿಯ ಮೂಲಿ ಕಲ್ಲಿನ ಸಂದಿಗಿ ತುದಿ ಕೊಟ್ಟು.
"ಕೆಲಸಾ ಬರಲಾರದವರು ಎಬ್ಬಿಸಿದರ
ಕಲ್ಲು ಒಡೀತದ," ಅಂದರು.
ನಾ ಏನೂ ಕೇಳಿರಲಿಲ್ಲ.

ಕಲ್ಲು ಎದ್ದಿತು, ನಿದ್ದಿಗಣ್ಣಿನ ಎಮ್ಮಿ ಎದ್ದಂಗ.
ತೆಳಗ ಒಂದು ಚೇಳು, ಬೆನ್ನ ತುಂಬ ಬಿಳಿ ಮರಿ ಹೊತ್ತು
ಬೆಳಕಿಗಿ ನಾಚಿ ಸಂದಿ ಹುಡುಕಿತು.
ಕಲ್ಲಿನ ಒಳಮೈಗಿ, ಉಜ್ಜದ ಕಡಿಗಿ,
ಕೆಂಪು ಪೆನ್ಸಿಲಿನಾಗ ಇವರ ಅಕ್ಷರ:
ಎರಡು ಬಾಯ್ ಎರಡು. ಭೀಮಶಾ ಮತ್ತ ನಾನು.
ಇವರು ಕುಕ್ಕರಗಾಲಿಲೆ ಕುಂತು
ಆ ಹೆಸರಿನ ಮ್ಯಾಲಿನ ಧೂಳು ಬಟ್ಟಿಲೆ ಒರೆಸಿದರು.
ಭೀಮಶಾ ಯಾರು ಅಂತ ನಾ ಕೇಳಲಿಲ್ಲ.
ಇವರೂ ಹೇಳಲಿಲ್ಲ.
ಲೈಟು ಮಾತ್ರ ಬಹಳ ಹೊತ್ತು ಉರೀತು.

ಮುಂಜಾನಿ ಅಗೆದೆ.
ಎರಿಯೇ ಖರೇ, ಆದರ ಬಿಸಲು ಕಾಣದ್ದು,
ಮುಷ್ಟಿಯಾಗ ಹಿಡಿದರ ತವಡಿನಂಗ ಸಪ್ಪಗ.
ಒಂದು ಬುಟ್ಟಿ ಕುರಿಹಿಕ್ಕಿ,
ಕಾಮನ್ನ ಸುಟ್ಟ ಬೂದಿ ಎರಡು ಹಿಡಿ,
ಪಾತ್ರಿ ತೊಳೆದ ನೀರು
(ನಳ ನಾಕು ದಿನಕ್ಕೊಮ್ಮೆ ಬರತದ,
ಅದೂ ನಡುರಾತ್ರಿ, ಕಳ್ಳನಂಗ).
ಹಾಗಲ ಬೀಜ ಅರಿವ್ಯಾಗ ನೆನೆಸಿಟ್ಟಿದ್ದೆ.
ಪದ್ದಿ ಬೆರಳಿಲೆ ತೂತು ಹಾಕಿದಳು,
ಒಂದೊಂದು ಬೀಜಕ್ಕೂ "ಮಲಕೋ" ಅಂದಳು.

ಎಬ್ಬಿಸಿದ ಕಲ್ಲು ಪಡುವಣಕ್ಕ ನಿಲ್ಲಿಸಿದಿವಿ, ನೆರಳಿಗಂತ.
ಕಲ್ಲೇ ಕಾದು ಎರಡು ಚವಳಿ ಸಸಿ ಸುಟ್ಟಿತು.
ಆಮ್ಯಾಲ ಅದಕ್ಕ ಹಸಿ ಗೋಣಿತಟ್ಟು ಹೊದಿಸಿ
ಜ್ವರದ ಕೂಸಿಗಿ ಮಾಡಿದಂಗ
ತಾಸಿಗೊಮ್ಮೆ ನೀರು ಚಿಮುಕಿಸುತ ಕುಂತೆ.

ಪುಂಡಿ ಎಲ್ಲರಕಿಂತ ಮೊದಲ ಬಂತು,
ಹುಳಿ ಮಂದಿಗಿ ಯಾವಾಗಲೂ ಗಡಿಬಿಡಿ.
ಹೀರಿ ಎರಡೆಲಿ ಬಿಚ್ಯದ.
ಹಾಗಲ ಪದ್ದಿಯ ಮಾತು ಕೇಳಿ ಇನ್ನಾ ಮಲಗ್ಯದ.
ಹೆಸರಿಲ್ಲದ ಚಪ್ಪಟೆ ಬೀಜ ಒಂದು
ನಡಾ ಬಗ್ಗಿಸಿ ಮಣ್ಣು ಎತ್ತಲಿಕ್ಕತ್ತದ.
ಜುಲೇಖಾಬಿ ಸ್ಟೂಲ್ ಹತ್ತಿ ದಿನಾ ಇಣುಕತಾಳ,
"ಕಾಯಿ ಬಿಡಲಿ, ಕೇಳೋಣಂತ," ಅಂತಾಳ.

ನಿನ್ನಿ ರಾತ್ರಿ ಕರೆಂಟ್ ಹೋಗಿತ್ತು.
ಇವರು ಹಿತ್ತಲದಾಗ ಬರಿಗಾಲಲೆ ಅಡ್ಡಾಡತಿದ್ದರು,
ಹಿಮ್ಮಡದಿಂದ ಒಂದೊಂದೇ ಕಲ್ಲು ಕುಟ್ಟಿ,
ಯಾವುದು ಗಟ್ಟಿ, ಯಾವುದು ಟೊಳ್ಳು ಅಂತ ಕಿವಿಗೊಟ್ಟು.
ಏಳನೇದಕ್ಕ ನಿಂತರು.
ಮತ್ತೊಮ್ಮೆ ಕುಟ್ಟಿದರು.
ನಾ ಕಣ್ಣು ಮುಚ್ಚಿಕೊಂಡೆ.